ಕಾಮಕಸ್ತೂರಿ ಪೆಸ್ಟೊ ಕಪ್ಪಾಗದ ಹಾಗೆ

ಪೆಸ್ಟೊ ಅಂದ್ರೆ ಎಲೆ ಅರೆದು ಮಾಡೋ ಇಟಲಿಯ ಹಸಿರು ಚಟ್ನಿ. ಅದಕ್ಕೆ ಹಾಕೋ ಪೈನ್ ನಟ್ (ಪೈನ್ ಮರದ ಬೀಜ) ಚಿಕ್ಕಮಗಳೂರಲ್ಲಿ ಹುಡುಕಿ ಸುಸ್ತಾಗಬೇಡಿ, ಗೋಡಂಬಿ ಸಾಕು. ಇಟಲಿಯ ಜಿನೋವಾದವರು ಪೆಸ್ಟೊಗೆ ಹಾಕೋ ಬೇಸಿಲ್, ನಮ್ಮ ಹಿತ್ತಲ ಕಾಮಕಸ್ತೂರಿ ಜಾತಿಯದ್ದೇ. ತುಳಸಿ ಮಾತ್ರ ಬೇಡ, ಘಾಟು ಜಾಸ್ತಿ.

2 ಹಿಡಿ ಎಲೆಗೆ ಅರ್ಧ ಹಿಡಿ ಹುರಿದ ಗೋಡಂಬಿ, 2 ಎಸಳು ಬೆಳ್ಳುಳ್ಳಿ, ಉಪ್ಪು, ಕಾಲು ಕಪ್ ಆಲಿವ್ ಎಣ್ಣೆ, 3 ಚಮಚ ತುರಿದ ಚೀಸ್. ಗೋಡಂಬಿ ಬದಲು ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಹಾಕಿದ್ರೆ ನಂಗೆ ಇನ್ನೂ ಇಷ್ಟ. ಎಲೆ ಸಾಲದಿದ್ರೆ ಕೊತ್ತಂಬರಿ ಸೇರಿಸಿ. ಒಂದೆಲಗ ಆದ್ರೆ ಸ್ವಲ್ಪವೇ, ಕಹಿ ಬರುತ್ತೆ.

ಮಿಕ್ಸಿ ಒಂದೇ ಸಮ ಓಡಿಸಬೇಡಿ, ಬಿಸಿಗೆ ಎಲೆ ಕಪ್ಪಾಗುತ್ತೆ. ಜಾರನ್ನ 10 ನಿಮಿಷ ಫ್ರೀಜರಲ್ಲಿಟ್ಟು, ಆಮೇಲೆ ಬಿಟ್ಟು ಬಿಟ್ಟು ತಿರುಗಿಸಿ. ಚೀಸ್ ಕೊನೆಗೆ ಚಮಚದಲ್ಲೇ ಕಲಸಿ. ಉಳಿದಿದ್ದನ್ನ ಐಸ್ ಟ್ರೇಗೆ ತುಂಬಿ ಫ್ರೀಜರಿಗೆ. ಬಿಸಿ ಅಕ್ಕಿರೊಟ್ಟಿಗೆ ಸವರಿ ನೋಡಿ, ಮಕ್ಕಳು ಕೇಳಿ ಹಾಕಿಸ್ಕೊಂಡು ತಿಂತಾರೆ!