ಒಂದೇ ಅಚ್ಚು, ಹತ್ತಾರು ಅಲೆ ಫಲಕ: ಕೊಡಗಿನ ಮಳೆಗೆ ತಕ್ಕ ಹಾಗೆ

ಸೋಮವಾರಪೇಟೆ ಕಡೆ ಸೆಂಟ್ರಿಂಗ್ ಕೆಲಸ ಮಾಡಿಸುವವನು ನಾನು. ಹೋಂಸ್ಟೇ ಕಟ್ಟುವವರು ಈಗ ಜಗಲಿಗೆ ಅಲೆಯಲೆಯಾದ ಕಾಂಕ್ರೀಟ್ ಫಲಕ ಕೇಳುತ್ತಾರೆ. ಪ್ರತಿ ಫಲಕಕ್ಕೂ ಹೊಸ ಪ್ಲೈವುಡ್ ಕೊಯ್ದರೆ ದುಡ್ಡೂ ದಂಡ, ಮರವೂ ದಂಡ. ಒಳ್ಳೆ ಅಚ್ಚು ಒಂದೇ ಸಾಕು. ಬ್ರೂಕ್ಲಿನ್‌ನ ಹಳೇ ಡೊಮಿನೊ ಸಕ್ಕರೆ ಕಾರ್ಖಾನೆ ಜಾಗದ ಕಟ್ಟಡಕ್ಕೆ 3ಡಿ ಪ್ರಿಂಟ್ ಮಾಡಿದ ಅಚ್ಚು ಬಳಸಿದರು. ಮರದ್ದು 15-20 ಸಲಕ್ಕೆ ಸವೆದರೆ ಅದು ಸುಮಾರು 200 ಸಲ ಬಾಳುತ್ತದೆ. ನಮಗೆ ಫೈಬರ್ ಗ್ಲಾಸ್ ಸಾಕು.

ಡ್ರಾಯಿಂಗ್‌ನಲ್ಲೇ ಮುಕ್ಕಾಲು ಕೆಲಸ ಮುಗಿಯಬೇಕು. ಅಂಚು ನೆಟ್ಟಗೆ ಬೇಡ, 3ರಿಂದ 5 ಡಿಗ್ರಿ ಓರೆ ಇರಲಿ. ಚೂಪು ಮೂಲೆ ಬೇಡ, ಒಳಕ್ಕೆ ಮಡಚಿದ ಜಾಗವಂತೂ ಬೇಡವೇ ಬೇಡ. ಅಲ್ಲಿ ಫಲಕ ಕಚ್ಚಿಕೊಳ್ಳುತ್ತದೆ, ಎಳೆದರೆ ಎರಡರಲ್ಲೊಂದು ಮುರಿಯುತ್ತದೆ. ಅಲೆಗಳು ಮೇಲಿಂದ ಕೆಳಕ್ಕೇ ಇಳಿಯಲಿ. ಅಡ್ಡಡ್ಡ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಳಿಗಳಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ ಅಲ್ವಾ?

ಬಾಗಿಲು ಕೆತ್ತುವ ಅಂಗಡಿಯ ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮಾದರಿ ಕೆತ್ತಿಸಿ. ಥರ್ಮಾಕೋಲ್ ಬೇಡ, ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಕೆತ್ತಿದ ಮೇಲೆ ಉಗುರಿನಿಂದ ಅಡ್ಡಕ್ಕೆ ಎಳೆದು ನೋಡಿ. ಕಟರ್ ಹೋದ ಗೆರೆ ಉಗುರಿಗೆ ಸಿಕ್ಕಿದರೆ ಕಾಂಕ್ರೀಟಿನಲ್ಲೂ ಕಾಣುತ್ತದೆ. ಪೂರ್ತಿ ಹೋಗುವ ತನಕ ಉಜ್ಜಿ, ಸೀಲರ್ ಹಚ್ಚಿ, ಮೇಣ ತಿಕ್ಕಿ. ಆಮೇಲೆ ಅದರ ಮೇಲೆ ಫೈಬರ್ ಗ್ಲಾಸ್ ಅಚ್ಚು ತೆಗೆದು, ಬೆನ್ನಿಗೆ ಕಬ್ಬಿಣದ ಆಂಗಲ್ ಫ್ರೇಮ್ ಕೊಡಿ. ಎಂಡಿಎಫ್‌ನಲ್ಲೇ ಕಾಂಕ್ರೀಟ್ ಹಾಕಬೇಡಿ, ತೇವಕ್ಕೆ ಉಬ್ಬುತ್ತದೆ.

ಕಾಂಕ್ರೀಟ್ ಅಂಟದ ಹಾಗೆ ಅಚ್ಚಿಗೆ ಎಣ್ಣೆ ತೆಳುವಾಗಿ ಸವರಿ, ಜಾಸ್ತಿಯಾದದ್ದನ್ನು ಬಟ್ಟೆಯಿಂದ ಒರೆಸಿ. 10 ಮಿ.ಮೀ. ಜಲ್ಲಿ, ಸಿಮೆಂಟಿನ ತೂಕದ 0.45ರಷ್ಟಕ್ಕಿಂತ ಹೆಚ್ಚಿಲ್ಲದ ನೀರು. ಕಲಸು ಗಟ್ಟಿ ಎನಿಸಿದರೆ ಪ್ಲಾಸ್ಟಿಸೈಜರ್ (ಕಾಂಕ್ರೀಟನ್ನು ಸಡಿಲ ಮಾಡುವ ರಾಸಾಯನಿಕ) ಸೇರಿಸಿ, ನೀರು ಸುರಿಯಬೇಡಿ. ಸರಳಿಗೆ 30 ಮಿ.ಮೀ. ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ, ಬೇಕು. ಸರಳಿನ ಕೆಳಗೆ ಕವರ್ ಬ್ಲಾಕ್ (ಸಣ್ಣ ಬಿಲ್ಲೆ) ಇಟ್ಟರೆ ಮುಖದ ಮೇಲೆ ಗುರುತು ಉಳಿಯುತ್ತದೆ. ಅದಕ್ಕೇ ಸರಳನ್ನು ಮೇಲಿನ ಅಡ್ಡಪಟ್ಟಿಯಿಂದ ತಂತಿ ಕಟ್ಟಿ ತೂಗುಬಿಡಿ. ಗುಳ್ಳೆ ಬರುವುದು ನಿಲ್ಲುವ ತನಕ ವೈಬ್ರೇಟರ್ ಕೊಡಿ.

ಬೇಸಿಗೆಯಲ್ಲಿ ಪಕ್ಕದ ಹಲಗೆಗಳನ್ನು ಮರುದಿನ ಬಿಚ್ಚಬಹುದು. ಫಲಕವನ್ನು ಎತ್ತಲು ಇನ್ನೂ ಕೆಲವು ದಿನ ಕಾಯಿರಿ. ಮಳೆಗಾಲದ ಚಳಿಗೆ ಕಾಂಕ್ರೀಟ್ ನಿಧಾನ ಗಟ್ಟಿಯಾಗುತ್ತದೆ, ಆಗ ಮತ್ತೂ ಜಾಸ್ತಿ ಬಿಡಿ. ಎತ್ತುವಾಗ ಮೂಲೆಗೆ ಮರದ ಬೆಣೆ ಕೊಡಿ, ಹಾರೆ ಬೇಡ. ಆಮೇಲೆ ಕನಿಷ್ಠ 7ರಿಂದ 10 ದಿನ ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡಿ. ಒದ್ದೆ ಮಾಡಿ ಹೊದಿಸಲು ಕಾಫಿ ಗೋಣಿ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಎದುರು ಮುಖಕ್ಕೆ ತಾಗಿಸಬೇಡಿ, ಕಲೆ ಇಳಿಯುತ್ತದೆ. ಖಾಲಿಯಾದ ಅಚ್ಚನ್ನು ಕೂಡಲೇ ತೊಳೆದು, ಫ್ರೇಮ್ ಸಮೇತ ನೆರಳಲ್ಲಿ ಮಟ್ಟಸವಾಗಿ ಮಲಗಿಸಿಡಿ.