ತೋಪಿನಿಂದ ಬ್ಯಾಂಕ್ ಬಾಗಿಲಿಗೆ

ಕಾರ್ಗಿಲ್ ಅಂದ ತಕ್ಷಣ ಜನ ಬೆಟ್ಟ ಹತ್ತಿದ ಕಥೆ ಕೇಳುತ್ತಾರೆ. ನಾನು ಹತ್ತಲಿಲ್ಲ. ನಾನಿದ್ದದ್ದು ಆರ್ಟಿಲರಿಯಲ್ಲಿ, ಬೋಫೋರ್ಸ್ ತೋಪಿನ ಹಿಂದೆ.

1999ರ ಜೂನ್‌ನಲ್ಲಿ ನಮ್ಮ ಗನ್‌ಗಳು ದ್ರಾಸ್ ಹತ್ತಿರ, ಶ್ರೀನಗರ–ಲೇಹ್ ರಸ್ತೆ ಪಕ್ಕದಲ್ಲಿದ್ದವು. ತೋಲೋಲಿಂಗ್ ಶಿಖರದ ಮೇಲೆ ಕೂತ ಶತ್ರುವಿಗೆ ಆ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಶೆಲ್, ಅಂದರೆ ತೋಪಿನ ಗುಂಡು, ಹೊತ್ತ ಲಾರಿಗಳು ರಾತ್ರಿ ದೀಪ ಹಾಕದೆ ಬರುತ್ತಿದ್ದವು. ಒಂದೊಂದು ಶೆಲ್ 40 ಕೆಜಿಗೂ ಜಾಸ್ತಿ. ಇಳಿಸು, ಅದನ್ನು ಸಿಡಿಸುವ ಫ್ಯೂಸ್ ಹಾಕು, ಒಳಗೆ ನೂಕು, ಹಿಂದೆ ಅದನ್ನು ಹಾರಿಸುವ ಮದ್ದಿನ ಚಾರ್ಜ್ ತುಂಬು, ತೋಪಿನ ಹಿಂಬಾಗಿಲು ಬ್ರೀಚ್ ಮುಚ್ಚು. 10,000 ಅಡಿಗೂ ಮೇಲೆ ಉಸಿರೇ ಸಾಲುತ್ತಿರಲಿಲ್ಲ. ಅಲ್ಲಿ ಗಾಳಿ ತೆಳು, ಶೆಲ್ ಬಯಲಿನ ಲೆಕ್ಕಕ್ಕಿಂತ ಮುಂದೆ ಹೋಗಿ ಬೀಳುತ್ತದೆ. ಅದಕ್ಕೆ ತಕ್ಕ ಹಾಗೆ ಲೆಕ್ಕ ಬದಲಿಸಬೇಕಿತ್ತು. ಜೂನ್ 13ಕ್ಕೆ ತೋಲೋಲಿಂಗ್ ಸಿಕ್ಕಿತು, ಜುಲೈ 4ಕ್ಕೆ ಟೈಗರ್ ಹಿಲ್. ಕಿವಿಗೆ ಹತ್ತಿ ತುರುಕಿಕೊಂಡಿದ್ದ ನಾನು ಆ ಸುದ್ದಿಯನ್ನು ಪಕ್ಕದವನ ಮುಖ ನೋಡಿ ತಿಳಿದುಕೊಂಡೆ.

ಪೆನ್ಶನ್ ಬಂದಾಗ ನನಗಿನ್ನೂ ನಲವತ್ತಾಗಿರಲಿಲ್ಲ. ಊರಲ್ಲಿ ಶಾಲು, ಹಾರ ಎಲ್ಲ ಆಯಿತು. ಆಮೇಲೆ ಶುರುವಾಯಿತು, "ಮುಂದೇನು ಮಾಡ್ತೀಯಪ್ಪ?"

ನನ್ನ ಕೈ ಹಿಡಿದಿದ್ದು ಕಾಗದ. ಸೈನ್ಯದಿಂದ ಬಿಡುಗಡೆಗೆ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಎಡಗಿವಿ ಮಂದ ಎಂದು ಬರೆಸಿಕೊಂಡಿದ್ದೆ. "ಸುಮ್ನೆ ಯಾಕೋ, ಮನೆಗೆ ಹೋಗೋದು ತಡ ಆಗುತ್ತೆ" ಎಂದು ಜೊತೆಯವರು ನಕ್ಕಿದ್ದರು. ನಿಮ್ಮ ಮನೆ ಹುಡುಗ ಸೈನ್ಯದಲ್ಲಿದ್ದರೆ ಇದೊಂದು ಹೇಳಿ. ಸರ್ವಿಸ್‌ನಲ್ಲಿ ಬರೆಸದ ನೋವನ್ನು ಹೊರಗೆ ಬಂದ ಮೇಲೆ ಸಾಬೀತು ಮಾಡೋದು ಬಹಳ ಕಷ್ಟ.

ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಸೈನ್ಯ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಹಿಡಿದುಕೊಂಡು ಹೋಗಿ ಹೆಸರು ಬರೆಸಿದೆ. ಬ್ಯಾಂಕ್ ಗಾರ್ಡ್ ಕೆಲಸ ಸಿಕ್ಕಿತು. 155 ಎಂಎಂ ತೋಪು ಹೋಗಿ ಹನ್ನೆರಡು ಬೋರ್ ಬಂದೂಕು! ಬಂದೂಕಿನದ್ದೇನೂ ತೊಂದರೆ ಇರಲಿಲ್ಲ. ಕಷ್ಟವಾಗಿದ್ದು ಜನರ ಮೆಲುದನಿ. ದುಡ್ಡಿನ ವಿಷಯ ಯಾರೂ ಗಟ್ಟಿಯಾಗಿ ಮಾತಾಡಲ್ಲ, ಅಲ್ವಾ? ಅಜ್ಜಿಯೊಬ್ಬರು ಪಾಸ್‌ಬುಕ್ ಚಾಚಿ ಏನೋ ಕೇಳುವರು. ನಾನು "ಏನಜ್ಜಿ?" ಅಂದರೆ ಕ್ಯಾಷಿಯರ್ ಕೂಡ ಬೆಚ್ಚಿ ನೋಡುವರು. ಫೈರ್ ಆರ್ಡರ್ ಕೂಗಿ ಅಭ್ಯಾಸವಾದ ಗಂಟಲು ಅದು. ಕೊನೆಗೆ, ಬರುವವರೆಲ್ಲ ಬಲಗಿವಿ ಕಡೆ ಸಿಗಲಿ ಎಂದು ಸ್ಟೂಲನ್ನು ಬಾಗಿಲಿನ ಇನ್ನೊಂದು ಪಕ್ಕಕ್ಕೆ ಹಾಕಿಕೊಂಡೆ. ಮ್ಯಾನೇಜರ್ ಕಾರಣ ಕೇಳಿ ಸುಮ್ಮನಾದರು.

ಈಗ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಿಂದ ಸಿಕ್ಕ ಹಿಯರಿಂಗ್ ಏಡ್ ಇದೆ. ಮದುವೆ ಮನೆಗೆ ಹೋದಾಗ ಮಾತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಆ ಡಿಜೆ ನನ್ನ ಕೈಲಿ ತಡೆಯೋಕಾಗಲ್ಲ.