ಟೆರಿಟೋರಿಯಲ್ ಆರ್ಮಿ: ಬೆಳಗಾವಿ ಭರ್ತಿಗೆ ಹೋಗುವ ಮುನ್ನ

ಬೆಳಗಾವಿಯಲ್ಲಿ ಟಿಎ (ಟೆರಿಟೋರಿಯಲ್ ಆರ್ಮಿ, ಅಗತ್ಯ ಬಿದ್ದಾಗ ಸೇನೆಗೆ ನೆರವಾಗುವ ಅರೆಕಾಲಿಕ ಪಡೆ) ಭರ್ತಿ ಇದೆ ಎಂದರೆ ಬಾಗಲಕೋಟೆ, ವಿಜಯಪುರದ ಹುಡುಗರು ಹಿಂದಿನ ರಾತ್ರಿಯೇ ಬಸ್ಸು ಹತ್ತುತ್ತಾರೆ. ಬರುವವರಿಗೆ ಕೊರತೆಯಿಲ್ಲ, ಕೊನೆಯವರೆಗೆ ಉಳಿಯುವವರಿಗೆ ಕೊರತೆ. ಹಾಗೆ ಉದುರಿಹೋಗುವುದನ್ನು ಬಹುಮಟ್ಟಿಗೆ ಊರಲ್ಲೇ ತಡೆಯಬಹುದು.

ಮೊದಲು ಕಾಗದಪತ್ರ ನೋಡಿ. ಅಂಕಪಟ್ಟಿಯಲ್ಲಿ ತಂದೆ ಹೆಸರು ಮಾತ್ರ, ಆಧಾರ್‌ನಲ್ಲಿ ಅಡ್ಡಹೆಸರೂ ಸೇರಿರುವುದು ನಮ್ಮ ಕಡೆ ಮಾಮೂಲು. ಅಲ್ಲಿ ಅದೇ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಆಧಾರ್, ಪಾನ್ ತಿದ್ದಿಸಿ, ಆಮೇಲೆ ನಾಡಕಚೇರಿಯಲ್ಲಿ ಜಾತಿ, ವಾಸಸ್ಥಳ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಮೊದಲೇ ಹಾಕಿದರೆ ಹಳೇ ತಪ್ಪು ಅಲ್ಲೂ ಕೂರುತ್ತದೆ. ನಡತೆ ಪ್ರಮಾಣಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಸೋಲ್ಜರ್ ಜನರಲ್ ಡ್ಯೂಟಿಗೆ (ಸಾಮಾನ್ಯ ಸಿಪಾಯಿ ಹುದ್ದೆಗೆ) ವಯಸ್ಸು 18ರಿಂದ 42, ಹತ್ತನೇ ತರಗತಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಬೇಕು.

ಓಟ 1.6 ಕಿ.ಮೀ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದರೆ ಸುತ್ತಿಗೆ ಸುಮಾರು 82 ಸೆಕೆಂಡು. ಗುಂಪಿನ ನೂಕಿಗೆ ಮೊದಲ ಸುತ್ತನ್ನೇ 70ರಲ್ಲಿ ಓಡಿದವನು ಮೂರನೇ ಸುತ್ತಿಗೆ ಕಾಲು ಸೋತು ನಿಲ್ಲುತ್ತಾನೆ. ಗಡಿಯಾರ ಹಿಡಿದು ಒಂದೇ ವೇಗದಲ್ಲಿ ಸುತ್ತುವುದನ್ನು ರೂಢಿ ಮಾಡಿ. ದಿನವೂ ಡಾಂಬರು ರಸ್ತೆಯಲ್ಲಿ ಓಡಿದರೆ ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ. ಮಣ್ಣಿನ ದಾರಿ ಒಳ್ಳೆಯದು. ಪುಲ್ ಅಪ್ಪಿನಲ್ಲಿ ಪೂರ್ತಿ ಅಂಕಕ್ಕೆ ಹತ್ತು ಬೇಕು. ಕೈ ಪೂರ್ತಿ ನೆಟ್ಟಗಾಗಿ, ಗದ್ದ ಸರಳಿನ ಮೇಲೆ ಬಂದರಷ್ಟೇ ಒಂದು. ಮೈ ತೂಗಿ ಏರಿದ್ದು ಲೆಕ್ಕಕ್ಕಿಲ್ಲ. ಬಹಳ ಜನರಿಗೆ ತೋಳಿಗಿಂತ ಮೊದಲು ಹಿಡಿತ ಸೋಲುತ್ತದೆ, ಹಾಗಾಗಿ ದಿನಾ ಸುಮ್ಮನೆ ಜೋತು ಬೀಳುವುದನ್ನೂ ಅಭ್ಯಾಸ ಮಾಡಿ. ಒಂಬತ್ತು ಅಡಿ ಹಳ್ಳ ಜಿಗಿಯುವುದಕ್ಕೆ, ಜಿಗ್‌ಜಾಗ್ (ಅಂಕುಡೊಂಕು) ಕಟ್ಟೆಯ ಮೇಲೆ ನಡೆಯುವುದಕ್ಕೆ ಅಂಕವಿಲ್ಲ, ಆದರೆ ದಾಟಲೇಬೇಕು.

ವೈದ್ಯಕೀಯದಲ್ಲಿ ಕಿವಿಯ ಗುಗ್ಗೆ, ಹಲ್ಲು ಕೈಕೊಡುತ್ತವೆ. ಎರಡೂ ಮೊದಲೇ ತೋರಿಸಿಕೊಂಡರೆ ಸರಿಹೋಗುವಂಥವು. ಗುಟಕಾ ಇವತ್ತೇ ಬಿಡಿ, ವಸಡು ಕೊಳೆತ ಮೇಲೆ ವಾರದಲ್ಲಿ ಸರಿಯಾಗುವುದಿಲ್ಲ. ದುಡ್ಡು ಕೇಳುವ ಏಜೆಂಟನ ಕೈಗೆ ಮೂಲ ಅಂಕಪಟ್ಟಿ ಕೊಡಲೇಬೇಡಿ.

ಟಿಎ ಅಧಿಕಾರಿಗಳ ಭರ್ತಿಯ ಕಥೆ ಬೇರೆ. ಅಲ್ಲಿ ಪದವಿ ಜೊತೆಗೆ ಈಗಾಗಲೇ ದುಡಿಮೆಯೂ ಇರಬೇಕು; ಸೇನೆ, ಪೊಲೀಸ್, ಅರೆಸೇನಾ ಪಡೆಯಲ್ಲಿ ಇರುವವರಿಗೆ ಅವಕಾಶವಿಲ್ಲ. ಶಿಕ್ಷಕರು, ಬ್ಯಾಂಕಿನವರು, ಇಂಜಿನಿಯರುಗಳು, ಲೆಕ್ಕಪತ್ರ ಇಟ್ಟ ರೈತರು ತಾವೂ ಹಾಕಬಹುದು ಎಂದು ಯೋಚಿಸುವುದೇ ಇಲ್ಲ. ಲಿಖಿತ ಪರೀಕ್ಷೆ, ಸಂದರ್ಶನ, ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಪರೀಕ್ಷೆ), ವೈದ್ಯಕೀಯ, ಈ ಕ್ರಮದಲ್ಲಿ ಸಾಗುತ್ತದೆ. ಸರ್ಕಾರಿ ನೌಕರರು ಕಚೇರಿಯ ನಿರಾಕ್ಷೇಪಣಾ ಪತ್ರ, ಸ್ವಂತ ಉದ್ಯೋಗದವರು ಛಾಪಾ ಕಾಗದದಲ್ಲಿ ಆದಾಯದ ಅಫಿಡವಿಟ್ ಸಿದ್ಧ ಇಟ್ಟುಕೊಳ್ಳಬೇಕು. ವರ್ಷಕ್ಕೆ ಎರಡು ತಿಂಗಳು ತರಬೇತಿ ಇರುತ್ತದೆಂದು ಮೇಲಧಿಕಾರಿಗೆ ಮೊದಲೇ ಹೇಳಿ. ಸೇವೆಗೆ ಕರೆ ಬಂದು ಹೋದವರನ್ನು ಹಳೇ ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕೆಂದು 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಕಲಮೇ ಹೇಳುತ್ತದೆ. ಅದರ ಒಂದು ಪ್ರತಿಯನ್ನು ಅರ್ಜಿಯ ಜೊತೆಗೇ ಮೇಲಧಿಕಾರಿಯ ಮುಂದಿಡಿ.